ಪದ ಪರಿಚಯ: ಇಂಟರ್‌ಫೇಸ್

ಚಿತ್ರದುರ್ಗದ ಜೋಗಿಮಟ್ಟಿ ಕಡೆಯ ಗುಡ್ಡಗಳಲ್ಲಿ ತಿರುಗುವ ಗಾಳಿಯಂತ್ರದ ರೆಕ್ಕೆ ಕಬ್ಬಿಣದ್ದಲ್ಲ. ಗಾಜಿನ ನಾರನ್ನು ರೆಸಿನ್ ಎಂಬ ಗಟ್ಟಿಯಾಗುವ ಅಂಟಿನಲ್ಲಿ ಕೂಡಿಸಿ ಮಾಡಿದ ಕಾಂಪೋಸಿಟ್, ಅಂದರೆ ಬೇರೆ ಬೇರೆ ಪದಾರ್ಥ ಕೂಡಿದ ವಸ್ತು. ಇಂಥ ವಸ್ತುವಿನೊಳಗೆ ಎರಡು ಪದಾರ್ಥಗಳು ಒಂದನ್ನೊಂದು ಮುಟ್ಟುವ ಜಾಗವೇ ಇಂಟರ್‌ಫೇಸ್. ದುರ್ಗ, ದಾವಣಗೆರೆಯ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಎಪಾಕ್ಸಿಗೆ (ಇದೂ ಒಂದು ಬಗೆಯ ರೆಸಿನ್) ಗ್ರಾಫೈಟ್ ಬೆರೆಸಿ ಪ್ರಾಜೆಕ್ಟ್ ಮಾಡುವುದಾದರೆ, ಎಷ್ಟು ಪರ್ಸೆಂಟ್ ಹಾಕಿದೆವು ಅನ್ನುವುದಕ್ಕಿಂತ ಮೊದಲು ನೋಡಬೇಕಾದ್ದು ಇದನ್ನೇ.

ಪೆನ್ಸಿಲ್ ಕಡ್ಡಿಯಲ್ಲಿರುವ ಗ್ರಾಫೈಟ್ ಅಂದರೆ ಒಂದರ ಮೇಲೊಂದು ಕೂತ ಇಂಗಾಲದ ಪದರಗಳು. ಪದರಗಳ ನಡುವಿನ ದೂರ ಸುಮಾರು 0.335 ನ್ಯಾನೋಮೀಟರ್. ಬಿಡಿಸುತ್ತಾ ಹೋದಷ್ಟೂ ಹೊರಮೈ ಜಾಸ್ತಿಯಾಗುತ್ತದೆ. ಒಂದೊಂದೇ ಪದರವಾಗಿ ಪೂರ್ತಿ ಬಿಡಿಸಿದರೆ, ಲೆಕ್ಕದ ಪ್ರಕಾರ 1 ಗ್ರಾಂಗೆ ಸುಮಾರು 2,630 ಚದರ ಮೀಟರ್. ಅಂದರೆ 26 ಗುಂಟೆ!

ಅಷ್ಟೂ ಮೈಗೆ ಎಪಾಕ್ಸಿ ಅಂಟಬೇಕು. ಆದರೆ ಗ್ರಾಫೈಟ್‌ನ ಮೈ ನುಣುಪು, ಹಿಡಿತ ಕಡಿಮೆ. ನುಣುಪಾದ ಕಾಂಕ್ರೀಟ್ ಗೋಡೆಗೆ ಗಿಲಾವು ಮಾಡುವ ಮುಂಚೆ ಮೇಸ್ತ್ರಿ ಕಚ್ಚು ಹೊಡೆಸುತ್ತಾರಲ್ವಾ, ಹಾಗೆಯೇ ಇಲ್ಲಿ ಆಸಿಡ್‌ನಿಂದ ಗ್ರಾಫೈಟ್ ಮೈಮೇಲೆ ಆಕ್ಸಿಜನ್ ಗುಂಪುಗಳನ್ನು ಕೂರಿಸುತ್ತಾರೆ. ಎಪಾಕ್ಸಿ ಅವನ್ನು ಹಿಡಿದುಕೊಳ್ಳುತ್ತದೆ. ಮುರಿದ ಸ್ಯಾಂಪಲ್ಲನ್ನು ಎಲೆಕ್ಟ್ರಾನ್ ಮೈಕ್ರೋಸ್ಕೋಪ್‌ನಲ್ಲಿ ನೋಡಿ. ಗ್ರಾಫೈಟ್ ಚಕ್ಕೆ ಬೋಳಾಗಿ ಹೊರಬಂದು ಸುತ್ತ ಸಂದು ಕಂಡರೆ ಅಂಟು ಸರಿಯಾಗಿಲ್ಲ. ಚಕ್ಕೆಯ ಮೇಲೆ ಎಪಾಕ್ಸಿ ಮೆತ್ತಿಕೊಂಡೇ ಇದ್ದರೆ ಹಿಡಿತ ಚೆನ್ನಾಗಿದೆ.

ಇದೇ ಜಾಗ ಡೈಎಲೆಕ್ಟ್ರಿಕ್ ಗುಣವನ್ನೂ ಆಳುತ್ತದೆ. ಕರೆಂಟ್ ಹರಿಯಲು ಬಿಡದೆ, ಒಳಗಿನ ಚಾರ್ಜ್‌ಗಳು ತುಸು ಸರಿದು ಶಕ್ತಿ ಕೂಡಿಟ್ಟುಕೊಳ್ಳುವ ವಸ್ತುವೇ ಡೈಎಲೆಕ್ಟ್ರಿಕ್. ಗ್ರಾಫೈಟ್‌ನಲ್ಲಿ ಚಾರ್ಜ್ ಸಲೀಸಾಗಿ ಓಡುತ್ತದೆ, ಎಪಾಕ್ಸಿಯಲ್ಲಿ ಓಡುವುದಿಲ್ಲ. ಹಾಗಾಗಿ ಇಂಟರ್‌ಫೇಸ್‌ಗೆ ಬಂದು ಗುಂಪುಗೂಡುತ್ತದೆ. ಇದು ಮ್ಯಾಕ್ಸ್‌ವೆಲ್-ವ್ಯಾಗ್ನರ್ ಪೋಲರೈಸೇಶನ್. ಕೊಟ್ಟ ವೋಲ್ಟೇಜ್ ದಿಕ್ಕು ಬದಲಿಸುವ ವೇಗ, ಅಂದರೆ ಫ್ರೀಕ್ವೆನ್ಸಿ, ಕಡಿಮೆ ಇದ್ದಾಗ ಗುಂಪುಗೂಡಲು ಸಮಯ ಸಿಗುತ್ತದೆ, ಡೈಎಲೆಕ್ಟ್ರಿಕ್ ಕಾನ್‌ಸ್ಟಂಟ್ (ಹೀಗೆ ಶಕ್ತಿ ಕೂಡಿಡುವ ಸಾಮರ್ಥ್ಯದ ಅಳತೆ) ಏರುತ್ತದೆ. ಫ್ರೀಕ್ವೆನ್ಸಿ ಹೆಚ್ಚಿಸಿದರೆ ಇಳಿಯುತ್ತದೆ. ಗ್ರಾಫೈಟ್ ಅತಿಯಾದರೆ ಚಕ್ಕೆಗಳು ಒಂದಕ್ಕೊಂದು ತಾಗಿ ಕರೆಂಟ್‌ಗೆ ದಾರಿಯಾಗುತ್ತದೆ. ಆ ಮಿತಿಗೆ ಪರ್ಕೊಲೇಶನ್ ಥ್ರೆಶೋಲ್ಡ್ ಎನ್ನುತ್ತಾರೆ.

ಕಾನ್‌ಸ್ಟಂಟ್ ಏರಿತು ಅಂತ ಸುಮ್ನೆ ಖುಷಿಪಡಬೇಡಿ. ಗಾಳಿಯದು ಹೆಚ್ಚುಕಮ್ಮಿ 1, ಎಪಾಕ್ಸಿಯದು 3–4ರ ಆಸುಪಾಸು, ನೀರಿನದು ಸುಮಾರು 80. ಅಂಟದ ಸಂದಿನಲ್ಲಿ ಗಾಳಿ ಕೂತರೆ ಅಳತೆ ಇಳಿಯುತ್ತದೆ, ತೇವ ಸೇರಿದರೆ ಸುಳ್ಳೇ ಏರುತ್ತದೆ. ಸ್ಯಾಂಪಲ್ಲನ್ನು ಓವನ್‌ನಲ್ಲಿ ಚೆನ್ನಾಗಿ ಒಣಗಿಸಿ ಮತ್ತೆ ಅಳೆಯಿರಿ. ಅದರಲ್ಲಿ ನೀರಿನ ಪಾಲು ಎಷ್ಟಿತ್ತು ಅನ್ನುವುದು ತಿಳಿಯುತ್ತದೆ.