ಪೋಸ್ಟರ್‌ನ ಖಾಲಿ ಜಾಗದ ಬಗ್ಗೆ ಕೇಳಿ

ಬಜೆಟ್ ಮಾತು ಬಂದಾಗಲೆಲ್ಲ ಈ ಪ್ರಶ್ನೆ ಏಳುತ್ತದೆ: "ಪೇಪರ್‌ಗಳು, ಪೇಟೆಂಟ್‌ಗಳು ಎಲ್ಲವೂ ಕೂತಲ್ಲೇ ಸಿಗುತ್ತವೆ. ಮತ್ತೆ ಔಷಧದ ಅಣುಗಳನ್ನು ಕಟ್ಟುವ ಮೆಡಿಸಿನಲ್ ಕೆಮಿಸ್ಟ್‌ಗಳನ್ನು ಸಮ್ಮೇಳನಕ್ಕೆ ಯಾಕೆ ಕಳಿಸಬೇಕು?" ನ್ಯಾಯವಾದ ಪ್ರಶ್ನೆಯೇ. ನನ್ನ ಉತ್ತರ ಇಷ್ಟು: ಪೇಪರ್‌ನಲ್ಲಿ ಇರುವುದು ಹೆಚ್ಚಾಗಿ ಗೆದ್ದ ಅಣು. ನಮ್ಮ ದಿನದ ಕೆಲಸ ನಡೆಯುವುದು ಸೋತ ಅಣುಗಳ ನಡುವೆ.

ಒಂದು ಪ್ರಾಜೆಕ್ಟ್‌ನಲ್ಲಿ ನೂರಾರು, ಕೆಲವೊಮ್ಮೆ ಸಾವಿರಾರು ಕಾಂಪೌಂಡ್ ತಯಾರಿಸುತ್ತೇವೆ. ಒಂದು ಕಿಣ್ವವನ್ನು ಚೆನ್ನಾಗಿ ತಡೆಯುತ್ತದೆ, ಆದರೆ ನೀರಲ್ಲಿ ಕರಗುವುದಿಲ್ಲ. ಇನ್ನೊಂದು ಕರಗುತ್ತದೆ, ಆದರೆ ಲಿವರ್ ಅದನ್ನು ಬೇಗ ಒಡೆದುಹಾಕುತ್ತದೆ. ಮತ್ತೊಂದು ಇದೆಲ್ಲ ದಾಟಿ ಬಂದು, ಹೃದಯದ ಬಡಿತಕ್ಕೆ ಬೇಕಾದ ಹೆರ್ಗ್ ಚಾನೆಲ್‌ಗೆ ಅಂಟಿಕೊಳ್ಳುತ್ತದೆ. ಅಲ್ಲಿಗೆ ಅದರ ಕಥೆ ಮುಗಿಯಿತು. ಮನುಷ್ಯರ ಮೇಲಿನ ಪರೀಕ್ಷೆಗೆ ಹೋದ ಮೇಲೂ ಹತ್ತರಲ್ಲಿ ಸುಮಾರು ಒಂಬತ್ತು ಬಿದ್ದುಹೋಗುತ್ತವೆ. ಈ ಸೋಲುಗಳಲ್ಲಿ ಅಚ್ಚಾಗುವುದು ಸ್ವಲ್ಪವೇ. ಹಾಗಾಗಿ ಒಬ್ಬರು ಬಿದ್ದ ಗುಂಡಿಗೇ ಇನ್ನೊಬ್ಬರೂ ಹೋಗಿ ಬೀಳುತ್ತಾರೆ.

ದೊಡ್ಡ ವೇದಿಕೆಯ ಭಾಷಣಗಳಿಗೂ ಬೆಲೆ ಇದೆ. ಅಮೆರಿಕನ್ ಕೆಮಿಕಲ್ ಸೊಸೈಟಿಯ ಸಮ್ಮೇಳನದಲ್ಲಿ 'ಫಸ್ಟ್ ಟೈಮ್ ಡಿಸ್‌ಕ್ಲೋಶರ್ಸ್' ಎಂಬ ಸೆಷನ್ ಇರುತ್ತದೆ. ಅಲ್ಲಿಯವರೆಗೆ ಬರೀ ಕೋಡ್ ನಂಬರ್ ಆಗಿದ್ದ ಔಷಧದ ರಚನೆ ಅಲ್ಲಿ ಮೊದಲ ಸಲ ಪರದೆಯ ಮೇಲೆ ಬರುತ್ತದೆ. ಔಷಧವೇ ಹಿಡಿಯದು ಎಂದು ದಶಕಗಳ ಕಾಲ ಅಂದುಕೊಂಡಿದ್ದ, ಕ್ಯಾನ್ಸರ್‌ಗೆ ಕಾರಣವಾಗುವ ಕೆರಾಸ್ ಪ್ರೋಟೀನ್‌ಗೆ ಆಮ್ಜೆನ್ ಕಂಪನಿ ಮಾಡಿದ ಸೋಟೊರಾಸಿಬ್ ಔಷಧದ ರಚನೆಯನ್ನು ತೋರಿಸಿದ್ದು 2019ರ ವಸಂತದಲ್ಲಿ, ಒರ್ಲಾಂಡೊ ಸಮ್ಮೇಳನದಲ್ಲಿ.

2021ರ ಏಪ್ರಿಲ್‌ನಲ್ಲಿ ಇದೇ ಸೊಸೈಟಿಯ ಸಮ್ಮೇಳನದಲ್ಲಿ ಫೈಜರ್‌ನ ಕೋವಿಡ್ ಮಾತ್ರೆ ನಿರ್ಮಾಟ್ರೆಲ್ವಿರ್‌ನ ರಚನೆ ಹೊರಬಿತ್ತು. ಅದರ ಪೇಪರ್ ಬಂದಿದ್ದು ಆ ವರ್ಷದ ನವೆಂಬರ್‌ನಲ್ಲಿ. ಮೊದಲು ಅವರ ಬಳಿ ಇದ್ದದ್ದು 2003ರ ಸಾರ್ಸ್ ಕಾಲದಿಂದ ಬಂದ, ರಕ್ತನಾಳಕ್ಕೆ ಕೊಡಬೇಕಾದ ಅಣು. ಮಾತ್ರೆಯಾಗಿ ನುಂಗಿದರೂ ಮೈಗೆ ಹೀರಿಕೊಳ್ಳಬೇಕು ಎಂದರೆ ಹೈಡ್ರೊಜನ್ ಬಂಧ ಕೊಡುವ ಗುಂಪುಗಳನ್ನು ಕಡಿಮೆ ಮಾಡಬೇಕಿತ್ತು. ವೈರಸ್‌ನ ಕಿಣ್ವವನ್ನು ಹಿಡಿಯುವ ತುದಿಗೆ ನೈಟ್ರೈಲ್ ಎಂಬ ಗುಂಪನ್ನು ಆರಿಸಿಕೊಂಡರು. ಅದಕ್ಕಿದ್ದ ಒಂದು ಮುಖ್ಯ ಕಾರಣ, ಅದನ್ನು ದೊಡ್ಡ ಪ್ರಮಾಣದಲ್ಲಿ ತಯಾರಿಸುವುದು ಸುಲಭ. 2020ರ ಜುಲೈನಲ್ಲಿ ಬರೀ 7 ಮಿಲಿಗ್ರಾಂ ಇದ್ದ ಅಣು ಅಕ್ಟೋಬರ್ ಕೊನೆಗೆ 100 ಗ್ರಾಂ ಆಯಿತು, ಅಲ್ಲಿಂದ ಎರಡು ವಾರಕ್ಕೆ ಕಿಲೋ ದಾಟಿತು. ಅಣು ಗಟ್ಟಿಯಾಗಿ ಹಿಡಿದರೆ ಸಾಕು, ತಯಾರಿಕೆ ಆಮೇಲೆ ನೋಡೋಣ ಅನ್ನುವ ಎಳೆಯ ಕೆಮಿಸ್ಟ್‌ಗಳಿಗೆ ಇದಕ್ಕಿಂತ ಒಳ್ಳೆಯ ಪಾಠ ನನಗೆ ಗೊತ್ತಿಲ್ಲ.

ಆ ಸಮ್ಮೇಳನ ನಡೆದದ್ದು ಆನ್‌ಲೈನ್‌ನಲ್ಲೇ, ನಿಜ. ಭಾಷಣ ಕೇಳೋಕೆ ಪ್ರಯಾಣ ಬೇಕಿಲ್ಲ, ಒಪ್ಪುತ್ತೇನೆ. ಆದರೆ ನಾನು ಜಾಸ್ತಿ ಕಲಿತದ್ದು ಪೋಸ್ಟರ್ ಸಾಲುಗಳಲ್ಲಿ, ಅಂದರೆ ಸಂಶೋಧಕರು ತಮ್ಮ ಕೆಲಸವನ್ನು ದೊಡ್ಡ ಹಾಳೆಯಲ್ಲಿ ಅಚ್ಚು ಹಾಕಿಸಿ ಅದರ ಪಕ್ಕ ನಿಲ್ಲುವ ಕಡೆ.

ಒಂದು ಪೋಸ್ಟರ್‌ನ ಟೇಬಲ್‌ನಲ್ಲಿ ಒಂದು ಸರಣಿಯ ಅಣುಗಳು ತುಂಬಾ ಚೆನ್ನಾಗಿದ್ದವು. ಆದರೂ ಅವನ್ನು ಅಲ್ಲಿಗೇ ಬಿಟ್ಟು ಬೇರೆ ಸರಣಿಗೆ ಹೋಗಿದ್ದರು. ಕಾರಣ ಎಲ್ಲೂ ಬರೆದಿರಲಿಲ್ಲ, ಕೊನೆಯ ಕಾಲಂ ಖಾಲಿ. ಪಕ್ಕದಲ್ಲಿ ನಿಂತಿದ್ದ ಹುಡುಗಿಯನ್ನು "ಇದನ್ನು ಯಾಕೆ ಬಿಟ್ಟಿರಿ?" ಎಂದು ಕೇಳಿದೆ. "ಮೈಕ್ರೊಸೋಮ್‌ನಲ್ಲಿ ಗಟ್ಟಿಯಾಗಿ ನಿಂತವು. ಮನುಷ್ಯನ ಲಿವರ್ ಕೋಶಕ್ಕೆ ಹಾಕಿದರೆ ಉಳಿಯಲೇ ಇಲ್ಲ" ಎಂದಳು. ಮೈಕ್ರೊಸೋಮ್ ಅಂದರೆ ಲಿವರ್ ಕೋಶ ಒಡೆದು ಬೇರ್ಪಡಿಸಿದ ಪೊರೆಯ ಚೂರುಗಳು. ಅಪರಾಧಿ ಆಲ್ಡಿಹೈಡ್ ಆಕ್ಸಿಡೇಸ್ ಎಂಬ ಕಿಣ್ವ. ಈ ಕಿಣ್ವ ಇರುವುದು ಕೋಶದ ದ್ರವದಲ್ಲಿ, ಮೈಕ್ರೊಸೋಮ್‌ನಲ್ಲಿ ಅಲ್ಲ. ನಾಯಿಯ ಲಿವರ್‌ನಲ್ಲಂತೂ ಇದರ ಕೆಲಸ ಇಲ್ಲವೇ ಇಲ್ಲ ಎನ್ನಬಹುದು, ಹಾಗಾಗಿ ನಾಯಿಯ ಮೇಲಿನ ಪರೀಕ್ಷೆಯೂ ದಾರಿ ತಪ್ಪಿಸುತ್ತದೆ. ಈ ಕಿಣ್ವಕ್ಕೆ ತಡೆಯಾಗಲಿ ಎಂದು ಅಣುವಿನ ಉಂಗುರದಲ್ಲಿ ನೈಟ್ರೊಜನ್ ಪಕ್ಕದ ಕಾರ್ಬನ್ ಮೇಲೆ ಮಿಥೈಲ್ ಕೂರಿಸಿ ನೋಡುತ್ತಿದ್ದೇವೆ ಎಂದೂ ಹೇಳಿದಳು. ಈ ಕಿಣ್ವದ ವಿಷಯ ಪುಸ್ತಕದಲ್ಲಿದೆ, ಸರಿ. ಆದರೆ ನಾವು ಮಾಡುತ್ತಿರುವಂಥದ್ದೇ ಉಂಗುರದಲ್ಲಿ ಅದು ಹೀಗೆ ಆಟ ಆಡುತ್ತದೆ ಎಂದು ನಮಗೆ ಯಾವ ಪುಸ್ತಕ ಹೇಳುತ್ತಿತ್ತು, ಅಲ್ವಾ?

ಇಂಥ ಮಾತಿಗೆ ಭಯವಿಲ್ಲದ ಜಾಗ ಬೇಕು. 1931ರಿಂದ ನಡೆಯುತ್ತಿರುವ ಗಾರ್ಡನ್ ರಿಸರ್ಚ್ ಕಾನ್ಫರೆನ್ಸ್‌ಗಳಲ್ಲಿ ರೆಕಾರ್ಡ್ ಮಾಡುವಂತಿಲ್ಲ, ಫೋಟೊ ತೆಗೆಯುವಂತಿಲ್ಲ, ಕೇಳಿದ್ದನ್ನು ಹೇಳಿದವರ ಒಪ್ಪಿಗೆಯಿಲ್ಲದೆ ಹೊರಗೆ ಬಳಸುವಂತಿಲ್ಲ. ಮಧ್ಯಾಹ್ನ ಬೇಕೆಂದೇ ಬಿಡುವು ಕೊಡುತ್ತಾರೆ. ಜನ ಇನ್ನೂ ಮುಗಿಯದ ಕೆಲಸದ ಬಗ್ಗೆ, ಕೈಕೊಟ್ಟ ಪ್ರಯೋಗದ ಬಗ್ಗೆ ಬಾಯಿ ಬಿಡುವುದು ಆಗಲೇ.

ಒಂದು ಎಚ್ಚರಿಕೆ. ಪೇಟೆಂಟ್ ಅರ್ಜಿ ಹಾಕುವ ಮೊದಲೇ ಪೋಸ್ಟರ್‌ನಲ್ಲಿ ರಚನೆ ತೋರಿಸಿದರೆ ಹಲವು ದೇಶಗಳಲ್ಲಿ ಆ ಅಣು ಹೊಸದು ಎಂಬ ಹಕ್ಕೇ ಹೋಗುತ್ತದೆ. ಪೋಸ್ಟರ್ ಪ್ರಿಂಟ್‌ಗೆ ಕೊಡುವ ಮೊದಲು ಪೇಟೆಂಟ್ ನೋಡಿಕೊಳ್ಳುವವರಿಗೆ ತೋರಿಸಿ. ಪೇಟೆಂಟ್ ಇಲ್ಲದ ಔಷಧಕ್ಕೆ ಟ್ರಯಲ್ ಖರ್ಚು ಹಾಕುವವರು ಸಿಗುವುದು ಕಷ್ಟ.

ಹೋಗುವ ಮೊದಲು ಸಾರಾಂಶಗಳ ಪಟ್ಟಿ ಓದಿ, ನಿಮ್ಮ ಪ್ರಾಜೆಕ್ಟ್ ಸಿಕ್ಕಿಹಾಕಿಕೊಂಡಿರುವ ತೊಡಕಿಗೆ ಹತ್ತಿರದ ಪೋಸ್ಟರ್‌ಗಳನ್ನು ಗುರುತು ಹಾಕಿಕೊಳ್ಳಿ. ಸುಮ್ನೆ ಎಲ್ಲ ಭಾಷಣಗಳಲ್ಲೂ ಕೂರಬೇಡಿ. ನಿಮ್ಮ ಕ್ಷೇತ್ರವಲ್ಲದ ಕಡೆಯೂ ಒಂದು ಹೊತ್ತು ಕಳೆಯಿರಿ, ಅದರಲ್ಲೂ ಮೈಯೊಳಗೆ ಔಷಧ ಏನಾಗುತ್ತದೆ ಎಂದು ನೋಡುವವರ ಜೊತೆ. ಪೋಸ್ಟರ್ ಮುಂದೆ ನಿಂತಾಗ ಅತಿ ಒಳ್ಳೆಯ ಕಾಂಪೌಂಡ್ ಯಾವುದು ಎಂದು ಕೇಳಬೇಡಿ, ಅದು ಅಲ್ಲೇ ದಪ್ಪಕ್ಷರದಲ್ಲಿರುತ್ತದೆ. ಯಾವುದನ್ನು ಬಿಟ್ಟಿರಿ, ಯಾವ ಪರೀಕ್ಷೆ ನೋಡಿ ಬಿಟ್ಟಿರಿ ಎಂದು ಕೇಳಿ. ಉತ್ತರವನ್ನು ಅಂದೇ ರಾತ್ರಿ ಬರೆದಿಟ್ಟುಕೊಳ್ಳಿ. ವಾಪಸ್ ಬಂದ ಮೇಲೆ ಟೀಮ್ ಮೀಟಿಂಗ್‌ನಲ್ಲಿ ಮೊದಲು ಆ ಪಟ್ಟಿಯನ್ನೇ ಓದಿ.