ರೆಟ್ರೊ: ಹಳೆಯದೋ, ಹಳೆಯದರ ಹಾಗೆಯೋ?

‘ಹೊಚ್ಚಹೊಸ 8-ಬಿಟ್ ರೆಟ್ರೊ ಕ್ಲಾಸಿಕ್!’ ಮೊನ್ನೆ ಮೊನ್ನೆ ಬಿಡುಗಡೆಯಾದ ಗೇಮ್ ಒಂದರ ಪರಿಚಯ ಹೀಗೆ ಶುರುವಾದರೆ ಆ ನಾಲ್ಕು ಪದಗಳಲ್ಲಿ ಸರಿಯಿರುವುದು ಮೊದಲನೆಯದೊಂದೇ. ಎರಡನೆಯದು ಪೂರ್ತಿ ತಪ್ಪು, ಮೂರನೆಯದು ಅರ್ಧ ತಪ್ಪು, ನಾಲ್ಕನೆಯದು ಏನಿಲ್ಲವೆಂದರೂ ಇಪ್ಪತ್ತು ವರ್ಷ ಬೇಗ ಬಂದುಬಿಟ್ಟಿದೆ. ಗೇಮ್ ಚೆನ್ನಾಗಿದೆಯೋ ಇಲ್ಲವೋ ಎಂಬುದು ಬೇರೆ ಮಾತು. ಚೌಕಚೌಕವಾಗಿ ಕಂಡದ್ದಕ್ಕೆಲ್ಲ ಒಂದೇ ಹಣೆಪಟ್ಟಿ ಅಂಟಿಸುತ್ತ ಹೋದರೆ ನಿಜವಾಗಿ ಆ ಪಟ್ಟಿ ಬೇಕಾದ ಜಾಗದಲ್ಲಿ ಅಂಟು ಉಳಿದಿರುವುದಿಲ್ಲ.

‘ರೆಟ್ರೊ’ ಲ್ಯಾಟಿನ್ ಮೂಲದ ಪದ, ಅರ್ಥ ‘ಹಿಂದಕ್ಕೆ’. ಇಂಗ್ಲಿಷಿನಲ್ಲಿ ಅದು ಬಹುಕಾಲ ಬೇರೆ ಪದಗಳ ತಲೆಗೆ ಅಂಟಿಕೊಂಡೇ ಬದುಕಿತ್ತು: ವೇಗ ತಗ್ಗಿಸಲು ಹಿಮ್ಮುಖವಾಗಿ ನೂಕುವ ರೆಟ್ರೊರಾಕೆಟ್, ಹಿಂದಿನ ತಾರೀಖಿನಿಂದಲೇ ಜಾರಿಯಾಗುವ ‘ರೆಟ್ರೊಆಕ್ಟಿವ್’ ಕಾನೂನು (ನಮ್ಮಲ್ಲಿ ಪೂರ್ವಾನ್ವಯ ಎನ್ನುತ್ತೇವಲ್ಲ, ಅದು). ಈಗಿನ ಅರ್ಥದ ಬಿಡಿ ಪದ ಚಾಲ್ತಿಗೆ ಬಂದದ್ದು 1970ರ ದಶಕದ ಫ್ರಾನ್ಸಿನಲ್ಲಿ. ‘ರೆಟ್ರೊಸ್ಪೆಕ್ಟಿಫ್’ ಎಂಬ ಉದ್ದ ಪದವನ್ನು ಕತ್ತರಿಸಿ, ಕೆಲವು ದಶಕಗಳ ಹಿಂದಿನ ಉಡುಪು, ಅಲಂಕಾರ, ಧಾಟಿಗಳನ್ನು ಮತ್ತೆ ತಂದ ಫ್ಯಾಷನ್ನನ್ನು ಅಲ್ಲಿ ‘ಮೋಡ್ ರೆಟ್ರೊ’ ಎಂದು ಕರೆದರು.

ರೆಟ್ರೊಸ್ಪೆಕ್ಟಿಫ್ ಎಂದರೆ ಹಿಂದಕ್ಕೆ ನೋಡುವುದು. ಅದಕ್ಕೆ ಕನ್ನಡದಲ್ಲಿ ಬಳಕೆಯಲ್ಲಿರುವ ಪದ ಸಿಂಹಾವಲೋಕನ. ಎಂಥ ಒಳ್ಳೆಯ ಪದ! ಸಿಂಹ ಮುಂದೆ ಸಾಗುತ್ತಲೇ ಆಗಾಗ ಕತ್ತು ತಿರುಗಿಸಿ ಬಂದ ದಾರಿಯನ್ನು ನೋಡುತ್ತದಂತೆ. ಅದು ಹಿಂದಕ್ಕೆ ನಡೆಯುವುದಿಲ್ಲ, ನೋಟವನ್ನಷ್ಟೇ ಹಿಂದಕ್ಕೆ ಕಳಿಸುತ್ತದೆ. ಫ್ರೆಂಚರು ಕತ್ತರಿಸುವಾಗ ‘ಅವಲೋಕನ’ ಬಿದ್ದುಹೋಗಿ ‘ಹಿಂದಕ್ಕೆ’ ಮಾತ್ರ ಉಳಿಯಿತು. ಇವತ್ತಿನ ಅರ್ಧ ಗೊಂದಲ ಶುರುವಾದದ್ದು ಆ ಕತ್ತರಿಯಿಂದಲೇ. ಮೂಲದಲ್ಲಿ ರೆಟ್ರೊ ಎಂಬುದು ವಸ್ತುವಿನ ವಯಸ್ಸಿಗೆ ಇಟ್ಟ ಹೆಸರಾಗಿರಲಿಲ್ಲ, ನೋಡುವವರ ಕತ್ತು ತಿರುಗಿರುವ ದಿಕ್ಕಿಗೆ ಇಟ್ಟ ಹೆಸರು.

ಉಡುಪು, ಪೀಠೋಪಕರಣದವರು ಈ ಭೇದವನ್ನು ಇವತ್ತಿಗೂ ಉಳಿಸಿಕೊಂಡಿದ್ದಾರೆ. ನಿಜವಾಗಿ 1960ರಲ್ಲಿ ಹೊಲಿದ ಕೋಟು ‘ವಿಂಟೇಜ್’, ಅದರ ಮಾದರಿಯಲ್ಲಿ ಈ ವರ್ಷ ಹೊಲಿದದ್ದು ‘ರೆಟ್ರೊ’. ವಿಂಟೇಜ್ ದ್ರಾಕ್ಷಿ ಕೊಯ್ಲಿನ ಪದ. ಯಾವ ವರ್ಷದ ಬೆಳೆ ಎಂಬುದೇ ಅದರ ಜೀವಾಳ, ಆದ್ದರಿಂದ ಅಲ್ಲಿ ಹುಸಿಗೆ ಜಾಗವಿಲ್ಲ. ಗೇಮ್ ಲೋಕಕ್ಕೆ ಬರುವ ಹೊತ್ತಿಗೆ ಈ ಲೆಕ್ಕ ತಲೆಕೆಳಗಾಗಿತ್ತು. ಇಲ್ಲಿ 1985ರ ಗೇಮ್ ಅನ್ನೇ ‘ರೆಟ್ರೊ’ ಎಂದರು. ಹಾಗಾಗಿ ಅದನ್ನು ಅನುಕರಿಸುವ ಹೊಸ ಗೇಮ್‌ಗೆ ‘ರೆಟ್ರೊ ಶೈಲಿ’ ಎಂಬ ಬಾಲ ಕಟ್ಟಬೇಕಾಯಿತು. ಫ್ಯಾಷನ್ ಲೆಕ್ಕದಲ್ಲಿ ಇದು ಶೈಲಿಯ ಶೈಲಿ! ಇರಲಿ, ರೂಢಿ ಬೇರೂರಿದೆ, ಅದರೊಡನೆ ಜಗಳವಿಲ್ಲ. ಜಗಳವಿರುವುದು ಆ ಬಾಲವನ್ನೂ ಕೊಯ್ದು ಎರಡನ್ನೂ ಒಂದೇ ಮಾಡುವವರ ಜೊತೆ.

ಅದಕ್ಕಿಂತ ದೊಡ್ಡ ಜಗಳ ‘8-ಬಿಟ್’ನದು.

8-ಬಿಟ್ ಎಂಬುದು ಚಿತ್ರದ ಗುಣವಲ್ಲ, ಪ್ರೊಸೆಸರ್‌ನ ಗುಣ. ಒಂದು ಏಟಿಗೆ ಅದು ಕೈಗೆತ್ತಿಕೊಳ್ಳಬಲ್ಲ ಸಂಖ್ಯೆ 0ಯಿಂದ 255ರವರೆಗೆ ಎಂದಷ್ಟೇ ಅದರರ್ಥ. ಅದರ ಗುರುತು ಹುಡುಕಬೇಕೆಂದರೆ ಚೌಕಗಳನ್ನು ಬಿಟ್ಟು ಅಂಕಿಗಳನ್ನು ನೋಡಿ. ನಿಂಟೆಂಡೊದ ಮೊದಲ ಜೆಲ್ಡಾ ಗೇಮ್‌ನಲ್ಲಿ ಎಷ್ಟೇ ಹೊತ್ತು ಆಡಿದರೂ ಜೇಬಿನಲ್ಲಿ 255ಕ್ಕಿಂತ ಹೆಚ್ಚು ಹಣ ನಿಲ್ಲದು. 1980ರ ಪ್ಯಾಕ್‌ಮ್ಯಾನ್‌ನಲ್ಲಿ 256ನೇ ಹಂತ ತಲುಪಿದರೆ ಎಣಿಕೆ 8 ಬಿಟ್‌ನಲ್ಲಿ ಹಿಡಿಯದೆ ಉಕ್ಕಿ, ಪರದೆಯ ಬಲ ಅರ್ಧವಿಡೀ ಅಕ್ಷರ-ಅಂಕಿಗಳ ಕಸವಾಗುತ್ತದೆ. 8-ಬಿಟ್ ಕಣ್ಣಿಗೆ ಬೀಳುವುದು ಹೀಗೆ.

ಬಿಟ್ ಸಂಖ್ಯೆಗೂ ನೋಟಕ್ಕೂ ನೇರ ಸಂಬಂಧವಿದೆ ಎನ್ನುವವರು 1979ರ ಇಂಟೆಲಿವಿಷನ್ ಕನ್ಸೋಲನ್ನು (ಟಿವಿಗೆ ಜೋಡಿಸಿ ಆಡುವ ಗೇಮ್ ಯಂತ್ರ) ಒಮ್ಮೆ ನೋಡಲಿ. ಅದರ ಪ್ರೊಸೆಸರ್ 16-ಬಿಟ್‌ನದು, ಚಿತ್ರಗಳು ಮಾತ್ರ ನಾಲ್ಕು ವರ್ಷ ಕಿರಿಯ 8-ಬಿಟ್ ಫ್ಯಾಮಿಕಾಮ್‌ಗಿಂತ (ನಿಂಟೆಂಡೊದ ಕನ್ಸೋಲ್, ಜಪಾನಿನ ಹೊರಗೆ ಅದರ ಹೆಸರು ಎನ್‌ಇಎಸ್) ಒರಟು. 1987ರ ಪಿಸಿ ಎಂಜಿನ್‌ನ ಪ್ರೊಸೆಸರ್ 8-ಬಿಟ್, ಗ್ರಾಫಿಕ್ಸ್ ಭಾಗ 16-ಬಿಟ್. ಅಮೆರಿಕದಲ್ಲಿ ಮಾರುವಾಗ ಹೆಸರನ್ನೇ ಟರ್ಬೊಗ್ರಾಫಿಕ್ಸ್-16 ಎಂದು ಬದಲಿಸಿದರು. 1993ರಲ್ಲಿ ಅಟಾರಿಯವರು ಜಾಗ್ವಾರ್ ಕನ್ಸೋಲನ್ನು 64-ಬಿಟ್ ಎಂದು ಮಾರಲು ಹೊರಟಾಗ ಒಳಗಿನ ಯಾವ ಚಿಪ್ಪಿನ ಬಿಟ್ಟನ್ನು ಎಣಿಸಬೇಕೆಂಬುದೇ ವಾದವಾಯಿತು. ಅಂದರೆ ಬಿಟ್ ಎಣಿಕೆ ಆಗಲೇ ಜಾಹೀರಾತಿನ ಸರಕಾಗಿತ್ತು. ಇವತ್ತು ನಾವು ಅದನ್ನು ಚಿತ್ರಕಲೆಯ ಪಂಥವೊಂದರ ಹೆಸರಿನಂತೆ ಬಳಸುತ್ತಿದ್ದೇವೆ.

ಸರಿ, ‘8-ಬಿಟ್ ನೋಟ’ ಎಂದೇ ಹೇಳೋಣವೆಂದರೆ ಅದು ಯಾವ ಯಂತ್ರದ ನೋಟ? ಗೇಮ್ ಬಾಯ್ 8-ಬಿಟ್: 160×144 ಪಿಕ್ಸೆಲ್, ನಾಲ್ಕೇ ಛಾಯೆ. ಝಡ್‌ಎಕ್ಸ್ ಸ್ಪೆಕ್ಟ್ರಮ್ ಕೂಡ 8-ಬಿಟ್: 8×8 ಪಿಕ್ಸೆಲ್‌ನ ಒಂದೊಂದು ಕೋಣೆಗೆ ಎರಡೇ ಬಣ್ಣ. ಹಾಗಾಗಿ ಪಾತ್ರವೊಂದು ಮರದ ಮುಂದೆ ಹಾದರೆ ಮರದ ಬಣ್ಣ ಅದರ ಮೈಗೆ ಹತ್ತುತ್ತದೆ. ಇವೆರಡನ್ನು ಅಕ್ಕಪಕ್ಕ ಇಟ್ಟರೆ ಒಂದೇ ಜಾತಿಯವೆಂದು ಯಾರೂ ಹೇಳರು. ‘8-ಬಿಟ್’ ಎನ್ನುವಾಗ ಹೆಚ್ಚಿನವರ ಮನಸ್ಸಿನಲ್ಲಿರುವುದು ನಿಂಟೆಂಡೊದ ಎನ್‌ಇಎಸ್ ಒಂದೇ. ಹಾಗಿದ್ದರೆ ‘ಎನ್‌ಇಎಸ್ ಶೈಲಿ’ ಎನ್ನುವುದಕ್ಕೇನು ಕಷ್ಟ?

ಹಾಗೆ ಕರೆದರೆ ಅಳೆಯಲು ಒಂದು ಕೋಲಾದರೂ ಸಿಗುತ್ತದೆ. ಎನ್‌ಇಎಸ್‌ನ ಪರದೆ 256×240 ಪಿಕ್ಸೆಲ್. ಹಿನ್ನೆಲೆಯಲ್ಲಿ ಪ್ರತಿ 16×16 ಪಿಕ್ಸೆಲ್ ತುಂಡಿಗೆ ಮೂರು ಬಣ್ಣ, ಜೊತೆಗೆ ಎಲ್ಲಕ್ಕೂ ಸಾಮಾನ್ಯವಾದ ಒಂದು ತಳಬಣ್ಣ. ಇಂಥ ಮೂರು ಬಣ್ಣಗಳ ಗುಂಪು ನಾಲ್ಕೇ ನಾಲ್ಕು. ಹಿನ್ನೆಲೆಯ ಮೇಲೆ ಚಲಿಸುವ ಸ್ಪ್ರೈಟ್‌ಗಳಿಗೂ (ಪಾತ್ರ, ಗುಂಡುಗಳಂಥ ಬಿಡಿ ಚಿತ್ರಗಳಿಗೂ) ಮೂರರ ನಾಲ್ಕು ಗುಂಪು. ಹನ್ನೆರಡು, ಹನ್ನೆರಡು, ತಳಬಣ್ಣ ಒಂದು: ಒಂದು ಹೊತ್ತಿಗೆ ಪರದೆ ಮೇಲೆ ಸಾಮಾನ್ಯವಾಗಿ 25 ಬಣ್ಣ. ಒಟ್ಟು ಸ್ಪ್ರೈಟ್‌ಗಳು 64, ಆದರೆ ಒಂದು ಅಡ್ಡಗೆರೆಯಲ್ಲಿ ಎಂಟಕ್ಕಿಂತ ಹೆಚ್ಚು ಮೂಡುವುದಿಲ್ಲ. ಒಂದು ಸ್ಪ್ರೈಟ್‌ನ ಅಗಲ 8 ಪಿಕ್ಸೆಲ್. ಪಾತ್ರ 16 ಪಿಕ್ಸೆಲ್ ಅಗಲವಿದ್ದರೆ ಅದೊಂದಕ್ಕೇ ಎರಡು ಬೇಕು. ನಾಲ್ವರು ಒಂದೇ ಸಾಲಿನಲ್ಲಿ ನಿಂತರೆ ಗೆರೆ ಭರ್ತಿ, ಐದನೆಯವನು ಮಾಯ. ಪೂರ್ತಿ ಮಾಯವಾಗುವುದು ಬೇಡವೆಂದು ಪ್ರೋಗ್ರಾಮರ್‌ಗಳು ಪ್ರತಿ ಫ್ರೇಮಿಗೂ ಸ್ಪ್ರೈಟ್‌ಗಳ ಸರದಿ ಬದಲಿಸುತ್ತಿದ್ದರು. ಪ್ರತಿಯೊಬ್ಬರೂ ಒಂದೊಂದು ಫ್ರೇಮ್ ಕಾಣೆಯಾಗುವುದರಿಂದ ಎಲ್ಲರೂ ಮಿಣುಕುತ್ತಾರೆ. ಹಳೆ ಗೇಮ್‌ಗಳ ಆ ಮಿಣುಕು ಗೇಮ್ ತುಂಬಿದ ಕಾರ್ಟ್ರಿಡ್ಜ್ ಕೆಟ್ಟದ್ದರ ಲಕ್ಷಣವೂ ಅಲ್ಲ, ಹಳೆ ಯಂತ್ರವನ್ನು ಇಂದಿನ ಕಂಪ್ಯೂಟರಿನಲ್ಲಿ ಅನುಕರಿಸುವ ಎಮ್ಯುಲೇಟರ್‌ನ ದೋಷವೂ ಅಲ್ಲ.

ಈ ಮಿತಿಗಳನ್ನು ಛಂದಸ್ಸಿನಂತೆ ನೋಡಬೇಕು. ಭಾಮಿನಿ ಷಟ್ಪದಿ ಬರೆಯುತ್ತೇನೆಂದು ಕೂತವರು ಮೊದಲ ಸಾಲಿಗೆ 14 ಮಾತ್ರೆ, ಮೂರನೆಯದಕ್ಕೆ 23 ಎಂಬ ಲೆಕ್ಕಕ್ಕೆ ಕೊರಳೊಡ್ಡಲೇಬೇಕು. ಲೆಕ್ಕ ಬಿಟ್ಟು ಷಟ್ಪದಿಯ ಧಾಟಿಯಲ್ಲಿ ಹಾಡಿಕೊಂಡರೆ ಅದೂ ಕವಿತೆಯೇ, ಚೆನ್ನಾಗಿಯೂ ಇರಬಹುದು. ಭಾಮಿನಿ ಎನ್ನಬೇಡಿ, ಅಷ್ಟೇ.

2014ರ ಶವೆಲ್ ನೈಟ್ ಈ ಬಗ್ಗೆ ಪ್ರಾಮಾಣಿಕವಾಗಿದೆ. ನೋಡಿದ ಕೂಡಲೇ ಎನ್‌ಇಎಸ್ ನೆನಪಾಗುತ್ತದೆ. ಆದರೆ ಅಗಲ ಪರದೆ, ಎನ್‌ಇಎಸ್‌ನಲ್ಲಿ ಇಲ್ಲದ ಕೆಲವು ಬಣ್ಣ, ಪದರಪದರವಾಗಿ ಬೇರೆಬೇರೆ ವೇಗದಲ್ಲಿ ಸರಿಯುವ ಹಿನ್ನೆಲೆ ಇವೆ, ಮಿಣುಕು ಮಾತ್ರ ಇಲ್ಲ. ಯಾವ ನಿಯಮವನ್ನು ಎಲ್ಲಿ ಏಕೆ ಮುರಿದೆವೆಂದು ತಯಾರಕರೇ ವಿವರವಾಗಿ ಬರೆದಿದ್ದಾರೆ. 2008ರ ಮೆಗಾಮ್ಯಾನ್ 9 ಇನ್ನೊಂದು ತುದಿಗೆ ಹೋಗಿ, ಬೇಕೆನಿಸಿದವರಿಗೆ ಮಿಣುಕನ್ನು ಮರಳಿ ತರುವ ಆಯ್ಕೆಯನ್ನೇ ಮೆನುವಿನಲ್ಲಿ ಇಟ್ಟಿತು. ಇವೆರಡೂ ರೆಟ್ರೊ ಶೈಲಿ. 2019ರ ಮೈಕ್ರೊ ಮೇಜಸ್ ಹಾಗಲ್ಲ, ಅದು ನಿಜವಾದ ಎನ್‌ಇಎಸ್ ಮೇಲೆಯೇ ಓಡುವ ಗೇಮ್, ಇಡೀ ಗಾತ್ರ 40 ಕಿಲೊಬೈಟ್. 1985ರ ಸೂಪರ್ ಮಾರಿಯೊ ಬ್ರದರ್ಸ್‌ನದೂ ಅಷ್ಟೇ. (ಜಾಗ ಉಳಿಸಲು ಮಾರಿಯೊದಲ್ಲಿ ಮೋಡಕ್ಕೂ ಪೊದೆಗೂ ಒಂದೇ ಚಿತ್ರ ಬಳಸಿದ್ದಾರೆ, ಬದಲಾಗಿರುವುದು ಬಣ್ಣ ಮಾತ್ರ.) ಹೊಸ ಗೇಮ್ ಒಂದನ್ನು ಧೈರ್ಯವಾಗಿ 8-ಬಿಟ್ ಎನ್ನಬಹುದಾದ ಸಂದರ್ಭ ಇದು. ಇಂಥವಕ್ಕೆ ‘ಹೋಮ್‌ಬ್ರೂ’ ಎಂಬ ಹೆಸರು ಆಗಲೇ ಇದೆ, ದಯವಿಟ್ಟು ಬಳಸಿ.

ಉಳಿದ ಬಹುಪಾಲು ಹೊಸ ಗೇಮ್‌ಗಳಿಗೆ ಸರಿಯಾದ ಪದ ‘ಪಿಕ್ಸೆಲ್ ಆರ್ಟ್’. 2018ರ ಸೆಲೆಸ್ಟ್ ಅನ್ನು ತೆಗೆದುಕೊಳ್ಳಿ. ಅದರ ಮೂಲ ಚಿತ್ರ 320×180, ಆರು ಪಟ್ಟು ಹಿಗ್ಗಿಸಿದರೆ ಕರಾರುವಾಕ್ಕಾಗಿ 1920×1080. ಇಂದಿನ ಟಿವಿಯನ್ನು ಅಳೆದೇ ಕತ್ತರಿಸಿದ ಬಟ್ಟೆ ಅದು, 80ರ ದಶಕದ ಯಾವ ಕನ್ಸೋಲಿಗೂ ಹೊಂದುವಂಥದ್ದಲ್ಲ.

ಹಳೆಯದರ ವೇಷ ಹಾಕಿ ಸಿಕ್ಕಿಬೀಳುವ ಗೇಮ್‌ಗಳನ್ನು ಹಿಡಿಯಲು ಬಣ್ಣ ಎಣಿಸುತ್ತ ಕೂರಬೇಕಿಲ್ಲ. ಪಿಕ್ಸೆಲ್‌ಗಳ ಗಾತ್ರ ನೋಡಿದರೆ ಸಾಕು. ಪಾತ್ರದ ಚೌಕ ದೊಡ್ಡದು, ಅಂಕದ ಅಕ್ಷರಗಳ ಚೌಕ ಚಿಕ್ಕದು ಎಂದಾದರೆ ಒಂದೇ ಚೌಕಳಿಯ ಮೇಲೆ ಬರೆದದ್ದಲ್ಲ. ಇದಕ್ಕೆ ‘ಮಿಕ್ಸೆಲ್’ ಎನ್ನುತ್ತಾರೆ. ತಿರುಗುವ ಕತ್ತಿಯ ಪಿಕ್ಸೆಲ್‌ಗಳೂ ಕತ್ತಿಯ ಜೊತೆ ಓರೆಯಾದರೆ ಅದು ಇಂದಿನ ಗ್ರಾಫಿಕ್ಸ್ ಕಾರ್ಡಿನ ಕೆಲಸ. ಆಗಿನ ಪಿಕ್ಸೆಲ್‌ಗಳಿಗೆ ಓರೆಯಾಗಲು ಬರುತ್ತಲೇ ಇರಲಿಲ್ಲ.

ಇನ್ನು ರೆಟ್ರೊ ಎಂದರೆ ಪಿಕ್ಸೆಲ್ಲೇ ಎಂಬ ನಂಬಿಕೆ. ಅದೂ ಹಳಸಿದೆ. 1994ರ ಪ್ಲೇಸ್ಟೇಷನ್ನಿನ 3ಡಿ ಇವತ್ತು ಅನುಕರಣೆಯ ಸರಕು. ಅದರ ಗೋಡೆಗಳು ಹತ್ತಿರ ಹೋದಂತೆ ಅಲೆಅಲೆಯಾಗಿ ಸೊಟ್ಟಗಾಗುತ್ತವೆ, ಏಕೆಂದರೆ ಟೆಕ್ಸ್‌ಚರ್ (ಆಕೃತಿಯ ಮೇಲ್ಮೈಯ ಚಿತ್ರ) ಹೊದಿಸುವಾಗ ಆ ಯಂತ್ರ ದೂರವನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಆಕೃತಿಗಳ ಮೂಲೆಗಳು ನಡುಗುತ್ತವೆ, ಏಕೆಂದರೆ ಅವು ಪೂರ್ಣ ಪಿಕ್ಸೆಲ್‌ನಿಂದ ಪೂರ್ಣ ಪಿಕ್ಸೆಲ್‌ಗೆ ಹಾರುತ್ತವೆ, ನಡುವೆ ನಿಲ್ಲಲು ಜಾಗವಿಲ್ಲ. ಆ ಸೊಟ್ಟ, ಆ ನಡುಕಗಳನ್ನೇ ಈಗ ಕಷ್ಟಪಟ್ಟು ಶೇಡರ್ (ಗ್ರಾಫಿಕ್ಸ್ ಕಾರ್ಡಿಗೆ ಬರೆಯುವ ಪುಟ್ಟ ಪ್ರೋಗ್ರಾಮ್) ಬರೆದು ತರಿಸುತ್ತಾರೆ.

ಎಷ್ಟು ವರ್ಷವಾದರೆ ರೆಟ್ರೊ ಎಂದು ಕೇಳುವವರಿಗೆ ಅಂಕಿಯ ಉತ್ತರವಿಲ್ಲ. ಕೆಲಸಕ್ಕೆ ಬರುವ ಪರೀಕ್ಷೆ ಒಂದಿದೆ: ಆ ಗೇಮ್ ಅನ್ನು ಈಗ ಸರಿಯಾಗಿ ಆಡಲು ಏನಾದರೂ ಹೊಂದಿಸಿಕೊಳ್ಳಬೇಕೇ? ಎನ್‌ಇಎಸ್ ಗೇಮ್‌ಗಳಿಗಂತೂ ಬೇಕು. 240 ಗೆರೆಗಳನ್ನು 1080ಕ್ಕೆ ಹಿಗ್ಗಿಸಿದರೆ 4.5 ಪಟ್ಟು. ಅರ್ಧ ಪಿಕ್ಸೆಲ್ ಎಂಬುದಿಲ್ಲವಾದ್ದರಿಂದ ಒಂದು ಸಾಲು ನಾಲ್ಕರಷ್ಟು, ಮತ್ತೊಂದು ಐದರಷ್ಟು ದಪ್ಪವಾಗಿ, ಚಿತ್ರ ಮೇಲೆ ಕೆಳಗೆ ಸರಿಯುವಾಗ ಜುಮುಗುಟ್ಟುತ್ತದೆ. ಎಮ್ಯುಲೇಟರ್‌ನಲ್ಲಿ ಪೂರ್ಣಾಂಕ ಹಿಗ್ಗಿಕೆ ಆರಿಸಿಕೊಳ್ಳಿ. ನಾಲ್ಕು ಪಟ್ಟಿಗೆ ಮೇಲೂ ಕೆಳಗೂ 60 ಸಾಲಿನ ಕಪ್ಪು ಪಟ್ಟಿ ಉಳಿಯುತ್ತದೆ. ಐದು ಪಟ್ಟಿಗೆ ಮೂಲಚಿತ್ರದ 12 ಗೆರೆ ಮೇಲೆ, 12 ಕೆಳಗೆ ಕತ್ತರಿಸಿಹೋಗುತ್ತವೆ. 4ಕೆ ಟಿವಿಯಲ್ಲಿ ಸರಿಯಾಗಿ ಒಂಬತ್ತು ಪಟ್ಟು, ತಲೆನೋವಿಲ್ಲ. ಅಗಲದ ವಿಷಯ ಬೇರೆ. 60 ಹರ್ಟ್ಸ್ (ಅಮೆರಿಕ, ಜಪಾನಿನ) ಎನ್‌ಇಎಸ್‌ನ ಪಿಕ್ಸೆಲ್ ಚೌಕವಲ್ಲ, 8:7ರ ಅನುಪಾತದಲ್ಲಿ ಅಡ್ಡಕ್ಕೆ ತುಸು ಅಗಲ. ಚೌಕವಾಗಿಯೇ ತೋರಿಸಿದರೆ ಎಲ್ಲರೂ ಬಡಕಲಾಗಿ ಕಾಣುತ್ತಾರೆ.

ಹಳೆ ಕಾರ್ಟ್ರಿಡ್ಜನ್ನೇ ಬಳಸುವವರು ಸಂಪರ್ಕ ಕೆಟ್ಟಾಗ ಬಾಯಿಂದ ಊದುವುದನ್ನು ನಿಲ್ಲಿಸಬೇಕು, ಉಸಿರಿನ ತೇವ ಲೋಹವನ್ನು ತಿನ್ನುತ್ತದೆ. ಶೇ 90ಕ್ಕೂ ಮೇಲ್ಪಟ್ಟ ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಅದ್ದಿದ ಹತ್ತಿಕಡ್ಡಿಯಿಂದ ಸಂಪರ್ಕದ ಪಟ್ಟಿಗಳನ್ನು ಒರೆಸಿ, ಪೂರ್ತಿ ಆರಿದ ಮೇಲೆ ಹಾಕಿ. ಆಟ ಉಳಿಸಿಕೊಳ್ಳುವ ಸೌಲಭ್ಯವಿರುವ ಹಲವು ಕಾರ್ಟ್ರಿಡ್ಜ್‌ಗಳೊಳಗೆ 3 ವೋಲ್ಟಿನ ಬಿಲ್ಲೆ ಬ್ಯಾಟರಿ ಇರುತ್ತದೆ. ಅದು ಸತ್ತರೆ ಉಳಿಸಿದ ಆಟವೂ ಹೋಯಿತು, ಬದಲಿಸಲು ತೆಗೆದರೂ ಹೋಯಿತು. ಮೊದಲೇ ನಕಲು ತೆಗೆದಿಡಬೇಕು. ಬಾತುಕೋಳಿ ಬೇಟೆಯ ಎನ್‌ಇಎಸ್ ಗೇಮ್ ಡಕ್ ಹಂಟ್‌ನ ಬಂದೂಕಂತೂ ಎಲ್‌ಸಿಡಿ ಮುಂದೆ ಬರೀ ಪ್ಲಾಸ್ಟಿಕ್ಕು. ಕುದುರೆ (ಟ್ರಿಗರ್) ಎಳೆದ ಕ್ಷಣ ಪರದೆ ಕಪ್ಪಾಗಿ ಗುರಿಯ ಜಾಗ ಬೆಳ್ಳಗಾಗುವುದನ್ನು ಅದು ಕಾಯುತ್ತದೆ, ಎಲ್‌ಸಿಡಿ ಆ ಬಿಳುಪನ್ನು ತೋರಿಸುವಷ್ಟರಲ್ಲಿ ಕಾಯುವ ಹೊತ್ತು ಮುಗಿದಿರುತ್ತದೆ.

ಕಡೆಯದಾಗಿ ‘ಪಿಕ್ಸೆಲ್ ಪರ್ಫೆಕ್ಟ್’. ಒಂದೊಂದು ಚೌಕವೂ ಚೂಪಾಗಿ ಕಂಡರೇ ಅಸಲಿ ಎಂಬ ಹಟ ಈ ಪದದ ಹಿಂದಿದೆ. 1991ರ ಸೋನಿಕ್‌ನ ಮೊದಲ ಹಂತದ ಜಲಪಾತವನ್ನು ಇಂದಿನ ಪರದೆಯಲ್ಲಿ ಹಾಗೆ ಚೂಪಾಗಿ ನೋಡಿ: ಒಂದು ಬಿಟ್ಟು ಒಂದರಂತೆ ನಿಲ್ಲಿಸಿದ ಲಂಬ ಗೆರೆಗಳು, ಥೇಟ್ ಬಾಚಣಿಗೆ. ಆಗಿನ ಟಿವಿಗೆ ಕಾಂಪೊಸಿಟ್ ತಂತಿಯಲ್ಲಿ (ಬಣ್ಣ, ಬೆಳಕು ಎರಡೂ ಒಂದೇ ಸಂಕೇತವಾಗಿ ಹರಿಯುವ ತಂತಿ) ಕೊಟ್ಟಾಗ ಪಕ್ಕಪಕ್ಕದ ಗೆರೆಗಳು ಕಲೆತು, ಹಿಂದಿನದ್ದೆಲ್ಲ ಕಾಣುವ ತೆಳು ನೀರಾಗುತ್ತಿತ್ತು.