ಹಳ್ಳಿಯಿಂದ ಹೈಸ್ಕೂಲಿಗೆ ಸೈಕಲ್ ದಾರಿ: ಸರಿಯಿದೆಯೇ ಎಂದು ನೋಡುವುದು ಹೇಗೆ?

ಪ್ರಶ್ನೆ: ನಮ್ಮ ಹಳ್ಳಿಯಿಂದ ಹೈಸ್ಕೂಲಿರುವ ಪೇಟೆಗೆ 6 ಕಿಲೋಮೀಟರ್. ಮಗಳು ಬರುವ ಜೂನ್‌ಗೆ 8ನೇ ತರಗತಿ. ಬಸ್ಸನ್ನು ನಂಬಿ ಕೂರುವಂತಿಲ್ಲ. ಸೈಕಲ್ ಕೊಡಿಸೋಣವೆಂದರೆ ದಾರಿಯದೇ ಭಯ. ದಾರಿ ಸೈಕಲ್‌ಗೆ ಆಗುತ್ತದೆಯೇ ಎಂದು ನಾವೇ ನೋಡಿಕೊಳ್ಳುವುದು ಹೇಗೆ? ಆಗದಿದ್ದರೆ ಯಾರನ್ನು ಕೇಳಬೇಕು?

ಉತ್ತರ: ಈ ಪ್ರಶ್ನೆ ಬೇರೆ ಬೇರೆ ಊರುಗಳಿಂದ ಬರುತ್ತಲೇ ಇರುತ್ತದೆ. ಮುಖ್ಯ ಮಾತನ್ನು ಮೊದಲೇ ಹೇಳಿಬಿಡುತ್ತೇನೆ. 6 ಕಿಲೋಮೀಟರ್ ಒಟ್ಟಾರೆ ಹೇಗಿದೆ ಎಂದು ನೋಡಬೇಡಿ. ಅದರಲ್ಲಿ ತೀರಾ ಕೆಟ್ಟ 200 ಮೀಟರ್ ಎಲ್ಲಿದೆ, ಅದನ್ನು ಹುಡುಕಿ. ಮಗಳನ್ನು ಸೈಕಲ್‌ನಲ್ಲಿ ಕಳಿಸಬಹುದೋ ಬೇಡವೋ ಎಂದು ತೀರ್ಮಾನಿಸುವುದು ಆ 200 ಮೀಟರ್. ಮಿಕ್ಕ ದಾರಿ ಎಷ್ಟು ನುಣುಪಾಗಿದ್ದರೂ ಅಲ್ಲೊಂದು ಕಡೆ ಲಾರಿ ಮೈಮೇಲೆ ಬರುವಂತಿದ್ದರೆ ಯಾವ ತಾಯಿಗೂ ಧೈರ್ಯ ಬರುವುದಿಲ್ಲ.

ಹುಡುಕುವುದಕ್ಕೆ ಎಂಜಿನಿಯರ್ ಬೇಕಿಲ್ಲ. ಈಗಾಗಲೇ ಆ ದಾರಿಯಲ್ಲಿ ಸೈಕಲ್ ತುಳಿಯುವ ಮಕ್ಕಳ ಹಿಂದೆ, ಅವರು ಹೋಗುವ ಹೊತ್ತಿಗೇ ಒಂದು ದಿನ ಹೋಗಿ. ಬೈಕಿನಲ್ಲಿ ಬೇಡ, ಸೈಕಲ್‌ನಲ್ಲೇ ಹೋಗಿ. ಅವರು ಎಲ್ಲೆಲ್ಲಿ ಇಳಿದು ತಳ್ಳುತ್ತಾರೆ ಎಂದು ಬರೆದುಕೊಳ್ಳಿ.

ನಾನು ಮಂಡ್ಯ ಸೀಮೆಯವನು. ಅಕ್ಕನ ಮಗಳು 9ನೇ ತರಗತಿಯಲ್ಲಿದ್ದಾಗ ಒಂದು ಬೆಳಿಗ್ಗೆ ಅವಳ ಹಿಂದೆ ಹೀಗೆಯೇ ಹೋಗಿದ್ದೆ. ಊರಿನ ಅರಳಿಕಟ್ಟೆ ದಾಟಿ ಗದ್ದೆ ಬಯಲಿನಲ್ಲಿ ಆರಾಮವಾಗಿ ತುಳಿದುಕೊಂಡು ಹೋದಳು. ಒಂದು ಮೋರಿ ಬರುತ್ತಿದ್ದ ಹಾಗೆ ಹಿಂದೆ ತಿರುಗಿ, "ಮಾವ, ಇಲ್ಲಿ ಇಳ್ಕೋಬೇಕು" ಅಂದಳು. ಯಾಕೆಂದು ನನಗೆ ಮೊದಲು ತಿಳಿಯಲಿಲ್ಲ. ರಸ್ತೆ ಚೆನ್ನಾಗಿಯೇ ಇತ್ತು, ಗುಂಡಿಯಿಲ್ಲ. ಅಷ್ಟರಲ್ಲಿ ಎದುರಿಗೆ ಕಬ್ಬು ತುಂಬಿದ ಟ್ರ್ಯಾಕ್ಟರ್ ಬಂತು. ಜಲ್ಲೆಗಳು ಎರಡೂ ಕಡೆ ಚಾಚಿಕೊಂಡು ರಸ್ತೆಯನ್ನೆಲ್ಲ ತುಂಬಿಕೊಂಡಿದ್ದವು. ಅವಳು ಸೈಕಲ್ಲನ್ನು ಮೋರಿ ಕಟ್ಟೆಗೆ ಒರಗಿಸಿ, ಬ್ಯಾಗನ್ನು ಎದೆಗೆ ಅವುಚಿಕೊಂಡು ನಿಂತಳು. ಟ್ರ್ಯಾಕ್ಟರ್ ಹೋದ ಮೇಲೆ ಕೆಳಗೆ ಬಗ್ಗಿ ನೋಡಿದೆ. ಡಾಂಬರಿನ ಅಂಚಿಗೂ ಪಕ್ಕದ ಮಣ್ಣಿಗೂ ನಡುವೆ ಒಂದು ಗೇಣಿನಷ್ಟು ಇಳುಕು. ತುಳಿಯುತ್ತಲೇ ಕೆಳಗಿಳಿದರೆ ಮುಂದಿನ ಚಕ್ರ ತಿರುಚಿ ಬೀಳುವುದು ಖಂಡಿತ. ಈ ಲೆಕ್ಕವನ್ನು ಆ ಹುಡುಗಿ ದಿನಾ ಬೆಳಿಗ್ಗೆ ಒಬ್ಬಳೇ ಹಾಕುತ್ತಿದ್ದಳು.

ಈ ಅಂಚಿನ ವಿಚಾರವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮಲ್ಲಿ ಇದರ ಬಗ್ಗೆ ಮಾತೇ ಇಲ್ಲ, ಎಲ್ಲರೂ ಗುಂಡಿಯ ಬಗ್ಗೆಯೇ ಮಾತಾಡುತ್ತಾರೆ. ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆಯ ಹಳ್ಳಿ ರಸ್ತೆಗೆ ಸಾಮಾನ್ಯವಾಗಿ ಡಾಂಬರಿನ ಅಗಲ 3.75 ಮೀಟರ್. ಬಸ್ಸಿನ ಅಗಲವೇ ಸುಮಾರು ಎರಡೂವರೆ ಮೀಟರ್. ಉಳಿಯುವುದು ಒಂದೂಕಾಲು ಮೀಟರ್, ಅದೂ ಬಸ್ಸು ಆ ಕಡೆಯ ಅಂಚನ್ನು ಒತ್ತಿಕೊಂಡು ಹೋದರೆ ಮಾತ್ರ. ಸೈಕಲ್ ಗೆರೆ ಎಳೆದ ಹಾಗೆ ನೇರ ಹೋಗುವುದಿಲ್ಲ. ತುಳಿಯುವಾಗ ಅತ್ತಿತ್ತ ವಾಲುವುದೂ ಸೇರಿದರೆ ಅದಕ್ಕೇ ಒಂದು ಮೀಟರ್ ಬೇಕು. ಅಂದರೆ ಬಸ್ಸು, ಟ್ರ್ಯಾಕ್ಟರ್ ಬಂದಾಗ ಸೈಕಲ್ ಮಣ್ಣಿಗೆ ಇಳಿಯಲೇಬೇಕು. ಆ ಮಣ್ಣಿನ ಬದಿ ಡಾಂಬರಿಗೆ ಸಮವಾಗಿದ್ದರೆ ಇಳಿದು, ಮತ್ತೆ ಹತ್ತಿ ಹೋಗಬಹುದು. ಆದರೆ ಹಳೆ ಡಾಂಬರಿನ ಮೇಲೆ ಹೊಸ ಡಾಂಬರು ಹಾಕುತ್ತಾ ಹೋದ ಹಾಗೆ ರಸ್ತೆ ಮೇಲೇರುತ್ತದೆ, ಮಳೆಗೆ ಬದಿಯ ಮಣ್ಣು ಕೊಚ್ಚಿಹೋಗುತ್ತದೆ. ಹೊಸ ಡಾಂಬರಿಗೆ ಫೋಟೋ ತೆಗೆಸಿಕೊಳ್ಳುವವರಿದ್ದಾರೆ, ಪಕ್ಕಕ್ಕೆ ಎರಡು ಲೋಡ್ ಗ್ರಾವೆಲ್ ಹೊಡೆಸಿ ರೋಲರ್ ಓಡಿಸಿ ಎಂದು ಕೇಳುವವರಿಲ್ಲ. ಸೈಕಲ್ ತುಳಿಯುವವರಿಗೆ ಆ ಎರಡು ಲೋಡ್ ಗ್ರಾವೆಲ್ಲೇ ದೊಡ್ಡದು.

ಆದ್ದರಿಂದ ದಾರಿ ನೋಡಲು ಹೋಗುವಾಗ ಒಂದು ಟೇಪು, ಒಂದು ನೋಟ್‌ಬುಕ್, ಒಂದು ಫೋನು ಸಾಕು. ದೂರ ಅಳೆಯಲು ಹಳೆ ಉಪಾಯವೊಂದಿದೆ. ಸೈಕಲ್ ಚಕ್ರಕ್ಕೆ ಒಂದು ಬಟ್ಟೆ ಚೂರು ಕಟ್ಟಿ, ಒಂದು ಸುತ್ತಿಗೆ ಎಷ್ಟಾಗುತ್ತದೆ ಎಂದು ಮನೆ ಮುಂದೆ ಅಳೆದುಕೊಳ್ಳಿ. 26 ಇಂಚಿನ ಚಕ್ರವಾದರೆ ಎರಡು ಮೀಟರಿಗಿಂತ ಚೂರು ಹೆಚ್ಚು ಬರುತ್ತದೆ. ಆಮೇಲೆ ಸುತ್ತು ಎಣಿಸಿದರಾಯಿತು. ಅಂಚಿನ ಇಳುಕು ಎಷ್ಟು ಇಂಚು, ಎಷ್ಟು ಉದ್ದಕ್ಕೆ. ತಿರುವಿನಲ್ಲಿ ಎದುರಿನ ಗಾಡಿ ಎಷ್ಟು ದೂರದಿಂದ ಕಾಣುತ್ತದೆ. ಜಾಲಿ ಗಿಡ ರಸ್ತೆಗೆ ಎಷ್ಟು ಚಾಚಿದೆ. ಇವಿಷ್ಟನ್ನು ಜಾಗದ ಗುರುತಿನೊಂದಿಗೆ ಬರೆಯಿರಿ. ಜಾಲಿ ದೃಷ್ಟಿಗೆ ಅಡ್ಡ ಬರುವುದು ಒಂದು, ಅದರ ಮುಳ್ಳು ಟ್ಯೂಬಿಗೆ ಚುಚ್ಚುವುದು ಇನ್ನೊಂದು. ವಾರಕ್ಕೆರಡು ಪಂಕ್ಚರ್ ಆದರೆ ಬಡವರ ಮನೆಯ ಸೈಕಲ್ ಜಗಲಿ ಮೇಲೆ ಒರಗುತ್ತದೆ.

ಗಾಡಿಗಳನ್ನು ಎಣಿಸುವುದಕ್ಕೆ ಎರಡು ದಿನ ಬೇಕು: ಒಂದು ಸಾಮಾನ್ಯ ದಿನ, ಒಂದು ಸಂತೆ ದಿನ. ಬೆಳಿಗ್ಗೆ ಶಾಲೆಗೆ ಹೋಗುವ ಹೊತ್ತಿನಲ್ಲಿ ಕಾಲು ಗಂಟೆ ನಿಂತು ಎಣಿಸಿ, ನಾಲ್ಕರಿಂದ ಗುಣಿಸಿ. ಎಷ್ಟು ಗಾಡಿ ಎನ್ನುವುದಕ್ಕಿಂತ ಎಷ್ಟು ವೇಗ ಎನ್ನುವುದು ಮುಖ್ಯ. 60ರ ವೇಗದ ಗಾಡಿಯ ಹೊಡೆತದ ಶಕ್ತಿ 30ರ ವೇಗದ ಗಾಡಿಯ ನಾಲ್ಕು ಪಟ್ಟು.

ಹಾಗೆಯೇ ಒಂದೇ ಕಾಲದಲ್ಲಿ ನೋಡಿ ಸುಮ್ಮನಾಗಬೇಡಿ. ಜೂನ್‌ನಲ್ಲಿ ಚೆನ್ನಾಗಿದ್ದ ದಾರಿ ಡಿಸೆಂಬರ್‌ನಲ್ಲಿ ಬೇರೆಯೇ ಆಗಿರುತ್ತದೆ. ನಮ್ಮ ಕಡೆ ಆಗ ಹುರುಳಿ, ರಾಗಿಯನ್ನು ರಸ್ತೆ ಮೇಲೆ ಹರಡಿ ಗಾಡಿ ಚಕ್ರದಿಂದಲೇ ಒಕ್ಕಣೆ ಮಾಡಿಸುತ್ತಾರೆ. ಕಣ ಮಾಡಲು ಜಾಗವಿಲ್ಲ, ಆಳು ಸಿಗುವುದಿಲ್ಲ ಎಂಬ ರೈತರ ಕಷ್ಟ ನನಗೆ ಗೊತ್ತು, ನಮ್ಮ ಮನೆಯೂ ರೈತರದೇ. ಆದರೆ ಹುರುಳಿ ಬಳ್ಳಿ ಚೈನಿಗೆ ಸುತ್ತಿಕೊಂಡರೆ ಸೈಕಲ್ ನಿಂತಲ್ಲೇ ನಿಲ್ಲುತ್ತದೆ. ಹಾಗೆ ಬಿದ್ದ ಗಾಯದ ಗುರುತು ನನ್ನ ಮೊಣಕೈಯಲ್ಲಿ ಇನ್ನೂ ಇದೆ. ಶಾಲೆಗೆ ಹೋಗಿಬರುವ ಹೊತ್ತಿನಲ್ಲಾದರೂ ರಸ್ತೆಯ ಒಂದು ಬದಿ ಖಾಲಿ ಬಿಡಿ ಎಂದು ಊರಿನೊಳಗೇ ಕೂತು ಒಪ್ಪಿಸಬೇಕು. ಇದಕ್ಕೆ ಸರ್ಕಾರದ ಒಂದು ರೂಪಾಯಿಯೂ ಬೇಡ.

ನಾಲೆ ಏರಿಯ ದಾರಿ ಇರುವ ಕಡೆ ಬಹಳ ಜನ ಅದನ್ನೇ ಕೇಳುತ್ತಾರೆ. ಸೈಕಲ್‌ಗೆ ಅದರಂಥ ದಾರಿ ಇಲ್ಲ ಎನ್ನುವುದು ನಿಜ. ನೀರು ಹರಿಯುವ ಇಳಿಜಾರಿನಲ್ಲೇ ದಾರಿಯೂ ಸಾಗುವುದರಿಂದ ಏರಿಲ್ಲ, ದಿಣ್ಣೆಯಿಲ್ಲ. ಆದರೆ ತಡೆಗೋಡೆ ಇಲ್ಲದ ನಾಲೆಯ ಪಕ್ಕ ಮಕ್ಕಳನ್ನು ಕಳಿಸಿ ಎಂದು ನಾನು ಹೇಳಲಾರೆ. 2018ರ ನವೆಂಬರ್ 24ರಂದು ಪಾಂಡವಪುರ ತಾಲ್ಲೂಕಿನ ಕನಗನಮರಡಿ ಬಳಿ ಬಸ್ಸು ವಿಶ್ವೇಶ್ವರಯ್ಯ ನಾಲೆಗೆ ಬಿದ್ದು 30 ಜನ ತೀರಿಕೊಂಡರು. ಅವರಲ್ಲಿ ಶಾಲೆ ಮುಗಿಸಿ ಮನೆಗೆ ಹೊರಟ ಮಕ್ಕಳೂ ಇದ್ದರು. ನಾಲೆ ಏರಿಯನ್ನು ಸೈಕಲ್ ದಾರಿ ಮಾಡಬೇಕಾದರೆ ಮೊದಲು ತಿರುವುಗಳಲ್ಲಿ ಮತ್ತು ಸೇತುವೆಗಳ ಎರಡೂ ತುದಿಯಲ್ಲಿ ಗೋಡೆ ಬರಬೇಕು, ಆಮೇಲೆ ಉಳಿದದ್ದು.

ಹೆದ್ದಾರಿ ಅಡ್ಡ ಬರುವ ಊರುಗಳದು ಇನ್ನೊಂದು ಕಥೆ. ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ಪಥದಲ್ಲಿ 2023ರ ಆಗಸ್ಟ್ 1ರಿಂದ ಬೈಕು, ಆಟೋ, ಟ್ರ್ಯಾಕ್ಟರ್‌ಗಳ ಜೊತೆಗೆ ಸೈಕಲ್ಲಿಗೂ ಪ್ರವೇಶವಿಲ್ಲ. ಆ ವೇಗದ ನಡುವೆ ಸೈಕಲ್ ಇರಬಾರದು, ಸರಿ. ಆದರೆ ಹಾಗೆ ಹೊರಗಿಟ್ಟ ಮೇಲೆ ಸರ್ವಿಸ್ ರಸ್ತೆಯೂ ಅಂಡರ್‌ಪಾಸೂ ಸೈಕಲ್‌ಗೆ ಇರುವ ಒಂದೇ ದಾರಿ. ಅಂಥ ಕಡೆ ಮಳೆ ಬಂದ ಮಾರನೆಯ ದಿನ ಹೋಗಿ ನೋಡಿ: ಅಂಡರ್‌ಪಾಸಿನಲ್ಲಿ ನೀರು ಎಷ್ಟು ನಿಂತಿದೆ, ಸಂಜೆ ಆರಕ್ಕೆ ಒಳಗೆ ದೀಪ ಉರಿಯುತ್ತದೆಯೇ, ಸರ್ವಿಸ್ ರಸ್ತೆಯಲ್ಲಿ ಗಾಡಿಗಳು ಎದುರಾಬದುರು ಬರುತ್ತವೆಯೇ.

ಸೈಕಲ್ ದಾರಿಗೆ ಹೆಸರಾದ ನೆದರ್ಲೆಂಡ್ಸ್‌ನವರ ವಿನ್ಯಾಸ ಕೈಪಿಡಿ ದಾರಿಯಲ್ಲಿ ಐದು ಗುಣ ಕೇಳುತ್ತದೆ: ಎಲ್ಲೂ ಕಡಿದುಹೋಗದಂತಿರಬೇಕು, ಸುತ್ತು ಬಳಸಿರಬಾರದು, ಅಪಾಯವಿರಬಾರದು, ಆಯಾಸವಾಗಬಾರದು, ಹೋಗಬೇಕು ಅನ್ನಿಸುವಂತಿರಬೇಕು. ಕೊನೆಯದನ್ನು ನಮ್ಮ ಹೆಣ್ಣುಮಕ್ಕಳ ಕಡೆಯಿಂದ ಕೇಳಿದರೆ ಅದು ಭಯದ ಪ್ರಶ್ನೆಯಾಗುತ್ತದೆ. ಬ್ರಾಂದಿ ಅಂಗಡಿ ಮುಂದೆ ಗುಂಪು ಕೂರುತ್ತದೆಯೇ, ಕಬ್ಬು ಎದ್ದು ನಿಂತ ಮೇಲೆ ಎರಡೂ ಕಡೆ ಯಾರೂ ಕಾಣದ ಜಾಗ ಎಷ್ಟುದ್ದ, ಸ್ಪೆಷಲ್ ಕ್ಲಾಸ್ ಮುಗಿಸಿ ಬರುವಾಗ ಕತ್ತಲಾಗುತ್ತದೆಯೇ. ಇದನ್ನು ಅಪ್ಪಂದಿರು ನೋಡಿ ಹೇಳಲಾಗುವುದಿಲ್ಲ. ಹುಡುಗಿಯರನ್ನೇ, ಗಂಡಸರಿಲ್ಲದ ಕಡೆ ಕೂರಿಸಿ, ಅವರ ಅಮ್ಮನೋ ಟೀಚರೋ ಕೇಳಬೇಕು.

ಇಷ್ಟೆಲ್ಲ ಯಾಕೆ ಎನ್ನುವವರಿಗೆ ಒಂದು ಮಾತು. ಬಿಹಾರದಲ್ಲಿ 2006ರಿಂದ ಹೈಸ್ಕೂಲ್ ಸೇರುವ ಹುಡುಗಿಯರಿಗೆ ಸೈಕಲ್ ಕೊಟ್ಟರು. ಕಾರ್ತಿಕ್ ಮುರಳೀಧರನ್ ಮತ್ತು ನಿಶಿತ್ ಪ್ರಕಾಶ್ ಎಂಬ ಅರ್ಥಶಾಸ್ತ್ರಜ್ಞರು ಅದನ್ನು ಅಧ್ಯಯನ ಮಾಡಿದಾಗ ಹೈಸ್ಕೂಲ್ ಸೇರುವ ಹುಡುಗಿಯರ ಪ್ರಮಾಣ ಶೇ 32ರಷ್ಟು ಏರಿದ್ದು ಕಂಡಿತು. ಲಾಭವೆಲ್ಲ ಹೆಚ್ಚಾಗಿ ಸಿಕ್ಕಿದ್ದು ಶಾಲೆ 3 ಕಿಲೋಮೀಟರ್ ಅಥವಾ ಅದಕ್ಕಿಂತ ದೂರವಿರುವ ಹಳ್ಳಿಗಳಿಗೆ. ನಿಮ್ಮ ಊರಿನಂಥ ಊರುಗಳಿಗೆ. ಕರ್ನಾಟಕವೂ 2006-07ರಿಂದ 8ನೇ ತರಗತಿಯ ಮಕ್ಕಳಿಗೆ ಸೈಕಲ್ ಕೊಟ್ಟು, ಕೋವಿಡ್ ಹೊತ್ತಿಗೆ ನಿಲ್ಲಿಸಿತು. ಅಷ್ಟು ವರ್ಷ ಸೈಕಲ್ ಹಂಚಿದ ರಾಜ್ಯದಲ್ಲಿ ಆ ಸೈಕಲ್ ಓಡುವ ಅಂಚಿಗೆ ಗ್ರಾವೆಲ್ ಹಾಕಿಸಿ ಎಂದು ಕೇಳುವುದು ಅತಿಯಾಸೆ ಅಲ್ಲ.

ಇನ್ನು ಯಾರನ್ನು ಕೇಳುವುದು? ರಸ್ತೆ ಯಾರದೆಂದು ಕಿಲೋಮೀಟರ್ ಕಲ್ಲೇ ಹೇಳುತ್ತದೆ. ತಲೆ ಹಳದಿಯಿದ್ದರೆ ರಾಷ್ಟ್ರೀಯ ಹೆದ್ದಾರಿ, ಹಸಿರಿದ್ದರೆ ರಾಜ್ಯ ಹೆದ್ದಾರಿ, ಕಿತ್ತಳೆ ಬಣ್ಣವಿದ್ದರೆ ಗ್ರಾಮೀಣ ರಸ್ತೆ. ರಾಜ್ಯ ಹೆದ್ದಾರಿ ಮತ್ತು ಜಿಲ್ಲಾ ಮುಖ್ಯ ರಸ್ತೆಗೆ ಲೋಕೋಪಯೋಗಿ ಇಲಾಖೆ, ಹಳ್ಳಿ ರಸ್ತೆಗೆ ಪಂಚಾಯತ್ ರಾಜ್ ಎಂಜಿನಿಯರಿಂಗ್ ವಿಭಾಗ, ನಾಲೆ ಏರಿಗೆ ನೀರಾವರಿಯವರು. ಗ್ರಾಮ ಸಡಕ್ ರಸ್ತೆಯಾದರೆ ಶುರುವಿನಲ್ಲೇ ಬೋರ್ಡ್ ಇರುತ್ತದೆ. ಕೆಲಸ ಮುಗಿದ ತಾರೀಕು ನೋಡಿ. ಅಲ್ಲಿಂದ 5 ವರ್ಷದವರೆಗೆ ನಿರ್ವಹಣೆ ಗುತ್ತಿಗೆದಾರರ ಹೊಣೆ, ಬದಿಯ ಮಣ್ಣು ತುಂಬುವುದೂ ಅದರಲ್ಲೇ ಸೇರಿದೆ. ಹೊಸ ಅನುದಾನಕ್ಕೆ ಕಾಯಬೇಕಿಲ್ಲ.

ಅರ್ಜಿಯಲ್ಲಿ "ರಸ್ತೆ ಅಭಿವೃದ್ಧಿಪಡಿಸಿ" ಎಂದು ಬರೆಯಬೇಡಿ. ಇಂಥ ಮೋರಿಯಿಂದ ಇಂಥ ಕೈಮರದವರೆಗೆ, ಇಷ್ಟು ಮೀಟರ್, ಎಡಬದಿ, ಅಂಚಿನ ಇಳುಕು ಇಷ್ಟು ಇಂಚು, ದಿನಾ ಇಲ್ಲಿ ಇಷ್ಟು ಮಕ್ಕಳು ಇಳಿದು ತಳ್ಳುತ್ತಾರೆ ಎಂದು ಬರೆದು ಫೋಟೋ ಅಂಟಿಸಿ. ಗ್ರಾಮಸಭೆಯಲ್ಲಿ ಓದಿಸಿ ನಡಾವಳಿಯಲ್ಲಿ ದಾಖಲಾಗುವಂತೆ ನೋಡಿಕೊಳ್ಳಿ, ಪಿಡಿಒ ಅವರಿಂದ ಸ್ವೀಕೃತಿ ತೆಗೆದುಕೊಳ್ಳಿ. ಪಂಚಾಯಿತಿಗಳಲ್ಲಿ ಮಕ್ಕಳ ಗ್ರಾಮಸಭೆಯೂ ನಡೆಯುತ್ತದೆ. ಸೈಕಲ್ ತುಳಿಯುವ ಮಗುವೇ ಎದ್ದು ನಿಂತು "ನಾನು ಇಲ್ಲಿ ಇಳೀತೀನಿ" ಎಂದು ಹೇಳುವುದಕ್ಕೆ ಅದಕ್ಕಿಂತ ಒಳ್ಳೆಯ ಜಾಗವಿಲ್ಲ.

ಹಂಪ್ ಕೇಳುವುದಾದರೆ ಅಳತೆ ಹೇಳಿಯೇ ಕೇಳಿ. ದೇಶದ ರಸ್ತೆಗಳಿಗೆ ಅಳತೆ ಗೊತ್ತುಮಾಡುವ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಎಂಬ ಸಂಸ್ಥೆ ಹೇಳುವುದು 10 ಸೆಂಟಿಮೀಟರ್ ಎತ್ತರ, 3.7 ಮೀಟರ್ ಅಗಲದ ನಿಧಾನ ಏರಿಳಿತ. ರಾತ್ರೋರಾತ್ರಿ ಎದ್ದೇಳುವ ಗೋಡೆಯಂಥ ಉಬ್ಬು ಸೈಕಲ್‌ನ ಕ್ಯಾರಿಯರ್ ಮೇಲೆ ಕೂತ ತಮ್ಮನನ್ನೇ ಎತ್ತಿ ಹಾಕುತ್ತದೆ.

ಊರಿನ ಹಿರಿಯರ ಬಳಿ ಹಳೆ ಬಂಡಿ ಜಾಡಿನ ಬಗ್ಗೆಯೂ ವಿಚಾರಿಸಿ. ಕಂದಾಯ ನಕ್ಷೆಯಲ್ಲಿ ಎಷ್ಟೋ ಕಡೆ ಎರಡು ಊರುಗಳ ನಡುವೆ ನಕಾಶೆ ಕಂಡ ದಾರಿ ಇರುತ್ತದೆ, ಒತ್ತುವರಿಯಾಗಿ ಮರೆತುಹೋಗಿರುತ್ತದೆ. ಸರ್ವೆ ನಂಬರು ನೋಡಲು ದಿಶಾಂಕ್ ಆಪ್ ಇದೆ, ಬಿಡಿಸಿಕೊಡಲು ತಹಶೀಲ್ದಾರರಿದ್ದಾರೆ. ಲಾರಿ ಬಾರದ, ಅರ್ಧ ಮೈಲಿ ಹತ್ತಿರದ ದಾರಿ ಹಾಗೆ ಸಿಕ್ಕಿದರೆ ಅದೃಷ್ಟ. ಎರೆ ಮಣ್ಣಿನ ಸೀಮೆಯಲ್ಲಿ ಮಾತ್ರ ಮಳೆಗಾಲದಲ್ಲಿ ಅದನ್ನು ನಂಬುವಂತಿಲ್ಲ, ಮಡ್‌ಗಾರ್ಡಿಗೆ ಮಣ್ಣು ಮೆತ್ತಿ ಚಕ್ರವೇ ತಿರುಗುವುದಿಲ್ಲ.

ನಮ್ಮ ಮೋರಿಯ ಅಂಚಿಗೆ ಎರಡು ಅರ್ಜಿ, ಒಂದು ಗ್ರಾಮಸಭೆ ಆದ ಮೇಲೆ ಗ್ರಾವೆಲ್ ಬಂತು. ಹೋದ ತಿಂಗಳು ಮತ್ತೆ ಅಕ್ಕನ ಮಗಳ ಹಿಂದೆ ಹೋದೆ. ಎದುರಿಗೆ ಟ್ರ್ಯಾಕ್ಟರ್ ಬಂದಾಗ ಪಕ್ಕಕ್ಕೆ ಸರಿದು, ತುಳಿಯುತ್ತಲೇ ಮಣ್ಣಿಗಿಳಿದು, ಮತ್ತೆ ಡಾಂಬರಿಗೆ ಹತ್ತಿದಳು. ಹಿಂದೆ ತಿರುಗಿಯೂ ನೋಡಲಿಲ್ಲ. ಮುಂದೆ ನಾಲೆ ಸೇತುವೆ ಬಂತು. ಅಲ್ಲಿ ಇಳಿದಳು.